ಉಂಡ ಮೇಲೆ ನಡೆಯಬೇಕೆ, ಮಲಗಬೇಕೆ? ಹಿರಿಯರೊಡನೆ ರಜೆಯ ಒಂದು ಮಧ್ಯಾಹ್ನ

ಪ್ರಶ್ನೆ: ನಾವು ಕಲಬುರಗಿಯಲ್ಲಿ ನೆಲೆಸಿದ್ದೇವೆ. ದೀಪಾವಳಿ ರಜೆಗೆ ಜೇವರ್ಗಿ ಕಡೆಯ ಹಳ್ಳಿಯಿಂದ ಅತ್ತೆ-ಮಾವ ಬರುತ್ತಿದ್ದಾರೆ. ಒಂದು ದಿನ ಅವರನ್ನೂ ನಮ್ಮ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಖಾನಾವಳಿಯಲ್ಲಿ ಮಧ್ಯಾಹ್ನದ ಊಟ ಮಾಡಿ, ಅಲ್ಲಿಂದ ಪಬ್ಲಿಕ್ ಗಾರ್ಡನ್‌ಗೆ ಹೋಗಿ ಸಂಜೆಯವರೆಗೆ ಆರಾಮಾಗಿ ಇರಬೇಕೆಂದಿದ್ದೇವೆ. ಮಾವನವರಿಗೆ 72 ವರ್ಷ. ಸಕ್ಕರೆ ಕಾಯಿಲೆಗೂ ಬಿ.ಪಿ.ಗೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಅತ್ತೆಯವರಿಗೆ ಮೊಣಕಾಲು ನೋವು. ಮಕ್ಕಳಿಗೆ ಒಂಬತ್ತು ಮತ್ತು ನಾಲ್ಕು ವರ್ಷ. ಉಂಡ ಕೂಡಲೇ ನಡೆಯಬಾರದು ಎನ್ನುತ್ತಾರೆ ಅತ್ತೆ. ಶತಪಾವಲಿ, ಅಂದರೆ ಉಂಡ ಮೇಲೆ ನೂರು ಹೆಜ್ಜೆ, ಹಾಕಲೇಬೇಕು ಎನ್ನುತ್ತಾರೆ ಮಾವ. ಗಾರ್ಡನ್ನಿನಲ್ಲೇ ಒಂದು ತಾಸು ಅಡ್ಡಾಗುವುದು ಒಳ್ಳೆಯದು ಎನ್ನುತ್ತಾರೆ ನಮ್ಮ ಯಜಮಾನರು. ಯಾರ ಮಾತು ಸರಿ? ಮಾವನವರು ಏನು ತಿನ್ನಬಹುದು? ಎಷ್ಟು ಹೊತ್ತಿಗೆ ಹೋಗಬೇಕು?

ಉತ್ತರ: ಮುಖ್ಯ ವಿಷಯದಲ್ಲಿ ನಿಮ್ಮ ಮಾವನವರ ಮಾತೇ ಸರಿ. ಸಕ್ಕರೆ ಕಾಯಿಲೆ ಇರುವವರು ಊಟ ಮುಗಿದ ಅರ್ಧ ತಾಸಿನೊಳಗೆ ಹತ್ತರಿಂದ ಹದಿನೈದು ನಿಮಿಷ ನಿಧಾನವಾಗಿ ನಡೆದರೆ, ಆ ಊಟದಿಂದ ರಕ್ತದಲ್ಲಿ ಏರುವ ಸಕ್ಕರೆ ಸ್ಪಷ್ಟವಾಗಿ ಕಡಿಮೆಯಾಗುತ್ತದೆ. ಆದರೆ ನಮ್ಮ ಊರಿನಲ್ಲಿ ಈ ಸಲಹೆಗೆ ಬಿಸಿಲು ಅಡ್ಡ ಬರುತ್ತದೆ. ದೇಹಕ್ಕೆ ನಡಿಗೆ ಬೇಕಾಗುವ ಹೊತ್ತು ಮಧ್ಯಾಹ್ನದ ಎರಡು ಗಂಟೆಯಾದರೆ, ಕಲಬುರಗಿಯಲ್ಲಿ ನಡೆಯಲು ಹಿತವಾದ ಹೊತ್ತು ಸಂಜೆಯ ನಾಲ್ಕೂವರೆ. ಇವೆರಡನ್ನೂ ಹೊಂದಿಸಿಕೊಂಡರೆ ನಿಮ್ಮ ಮಧ್ಯಾಹ್ನ ಎಲ್ಲರಿಗೂ ಸುಖವಾಗಿ ಕಳೆಯುತ್ತದೆ. ಆದ್ದರಿಂದ ನಡಿಗೆಯನ್ನು ಎರಡು ಭಾಗ ಮಾಡಿಕೊಳ್ಳಿ: ಉಂಡ ಕೂಡಲೇ ನೆರಳಿನಲ್ಲಿ ಚಿಕ್ಕದೊಂದು, ಬಿಸಿಲು ಇಳಿದ ಮೇಲೆ ಮನಸ್ಸಿಗೆ ಬಂದಷ್ಟು ಇನ್ನೊಂದು. ನಡುವಿನ ಎರಡು ತಾಸು ಕುಳಿತು ಮಾತನಾಡಲಿಕ್ಕೆ ಇರಲಿ.

ಉಂಡ ಕೂಡಲೇ ಎಂಬುದಕ್ಕೆ ಕಾರಣವಿದೆ. ರೊಟ್ಟಿಯಲ್ಲಿರುವ ಪಿಷ್ಟ ಜೀರ್ಣವಾಗಿ ಗ್ಲುಕೋಸ್ ರೂಪದಲ್ಲಿ ರಕ್ತಕ್ಕೆ ಸೇರತೊಡಗುವುದು ಊಟ ಆರಂಭಿಸಿದ ಹದಿನೈದು-ಇಪ್ಪತ್ತು ನಿಮಿಷಗಳಲ್ಲೇ. ಒಂದರಿಂದ ಒಂದೂವರೆ ತಾಸಿನ ಹೊತ್ತಿಗೆ ಅದು ತನ್ನ ತುದಿಯನ್ನು ಮುಟ್ಟುತ್ತದೆ. ಆರೋಗ್ಯವಂತರಲ್ಲಿ ಇನ್ಸುಲಿನ್ ಆ ಗ್ಲುಕೋಸನ್ನು ಬೇಗ ಸ್ನಾಯುಗಳೊಳಗೆ ಸೇರಿಸುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇನ್ಸುಲಿನ್ನಿನ ಪ್ರಮಾಣವೋ ಅದರ ಪ್ರಭಾವವೋ ಸಾಲದ ಕಾರಣ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಆದರೆ ಕೆಲಸ ಮಾಡುತ್ತಿರುವ ಸ್ನಾಯುವಿಗೆ ಇನ್ಸುಲಿನ್ನಿನ ಸಹಾಯವಿಲ್ಲದೆಯೂ ಗ್ಲುಕೋಸನ್ನು ಒಳಗೆ ಎಳೆದುಕೊಳ್ಳುವ ಶಕ್ತಿಯಿದೆ. ಕಾಲಿನ ಮತ್ತು ತೊಡೆಯ ಸ್ನಾಯುಗಳು ದೇಹದಲ್ಲೇ ದೊಡ್ಡವಾದುದರಿಂದ ಸುಮ್ಮನೆ ಹೆಜ್ಜೆ ಹಾಕಿದರೂ ಅವು ಸಾಕಷ್ಟು ಗ್ಲುಕೋಸನ್ನು ಬಳಸಿಕೊಳ್ಳುತ್ತವೆ. ಸಕ್ಕರೆ ಏರುತ್ತಿರುವಾಗಲೇ ನಡೆದರೆ ಆ ಏರಿಕೆ ಮೊಟಕಾಗುತ್ತದೆ. ಮೂರು ತಾಸು ಬಿಟ್ಟು ನಡೆದರೆ ಬೇರೆ ಲಾಭಗಳು ಸಿಗಬಹುದು, ಆದರೆ ಆ ಊಟದ ಏರಿಕೆ ಅಷ್ಟರಲ್ಲಿ ಆಗಿಹೋಗಿರುತ್ತದೆ.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದೇ ವಿಷಯವನ್ನು ಎರಡನೇ ಬಗೆಯ ಮಧುಮೇಹವಿರುವ 41 ಮಂದಿಯಲ್ಲಿ ಪರೀಕ್ಷಿಸಿ ವರದಿ ಮಾಡಿದರು. ದಿನದಲ್ಲಿ ಯಾವಾಗಲಾದರೂ ಒಮ್ಮೆ 30 ನಿಮಿಷ ನಡೆಯುವುದಕ್ಕಿಂತ ಮೂರು ಊಟಗಳ ನಂತರ ಹತ್ತತ್ತು ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಸರಾಸರಿ ಶೇಕಡಾ 12ರಷ್ಟು ಕಡಿಮೆ ಇತ್ತು. ರಾತ್ರಿಯ ಊಟದ ನಂತರವಂತೂ ಶೇಕಡಾ 22ರಷ್ಟು. ಒಟ್ಟು ನಡೆದ ಹೊತ್ತು ಎರಡೂ ಕ್ರಮಗಳಲ್ಲಿ ಒಂದೇ ಆಗಿದ್ದರೂ ನಡೆದ ವೇಳೆ ಇಷ್ಟು ವ್ಯತ್ಯಾಸ ತಂದಿತು. ನಮ್ಮ ಹಿರಿಯರು ಶತಪಾವಲಿ ಎಂದು ರೂಢಿಸಿಕೊಂಡಿದ್ದು ಇದಕ್ಕೆ ಬಹಳ ಹತ್ತಿರದ ಪದ್ಧತಿ. ನೂರು ಹೆಜ್ಜೆಗೆ ನಿಲ್ಲದೆ ಸಾವಿರ ಹೆಜ್ಜೆಯಾದರೆ ಹತ್ತು ನಿಮಿಷದ ಲೆಕ್ಕ ತುಂಬುತ್ತದೆ.

ಹಾಗೆಂದು ನಿಮ್ಮ ಅತ್ತೆಯವರ ಅಂಜಿಕೆಯನ್ನು ತಳ್ಳಿಹಾಕಬೇಡಿ. ಹೊಟ್ಟೆ ತುಂಬ ಉಂಡಾಗ ರಕ್ತದ ದೊಡ್ಡ ಪಾಲು ಜಠರ ಮತ್ತು ಕರುಳಿನ ಕಡೆಗೆ ಹರಿಯುತ್ತದೆ. ವಯಸ್ಸಾದವರಲ್ಲಿ, ಅದರಲ್ಲಿಯೂ ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಎರಡೂ ಇರುವವರಲ್ಲಿ, ಉಳಿದ ರಕ್ತನಾಳಗಳು ಇದಕ್ಕೆ ತಕ್ಕಂತೆ ಬೇಗ ಬಿಗಿಯಾಗುವುದಿಲ್ಲ. ಆದ್ದರಿಂದ ಊಟದ ನಂತರದ ಎರಡು ತಾಸಿನಲ್ಲಿ ಕೆಲವರ ಮೇಲಿನ ರಕ್ತದೊತ್ತಡ 20 ಅಂಶ ಅಥವಾ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಉಂಡು ಥಟ್ಟನೆ ಎದ್ದಾಗ ತಲೆ ತಿರುಗುವುದು, ಕಣ್ಣು ಕತ್ತಲೆ ಬರುವುದು, ಕೆಲವೊಮ್ಮೆ ಬಿದ್ದುಬಿಡುವುದು ಇದರಿಂದಲೇ. ಅನ್ನದಂಥ ಪಿಷ್ಟವೇ ಹೆಚ್ಚಿರುವ ದೊಡ್ಡ ಊಟದ ನಂತರ ಈ ಇಳಿತ ಜಾಸ್ತಿ. ಚಿಕ್ಕ ಊಟದ ನಂತರ ಕಡಿಮೆ. ಊಟಕ್ಕೆ ಮೊದಲು ಒಂದೆರಡು ಲೋಟ ನೀರು ಕುಡಿಯುವುದೂ ಸಹಾಯ ಮಾಡುತ್ತದೆ. ವೈದ್ಯರು ಹೃದಯ ಅಥವಾ ಮೂತ್ರಪಿಂಡದ ತೊಂದರೆಗಾಗಿ ನೀರಿಗೆ ಮಿತಿ ಹಾಕಿದ್ದರೆ ಮಾತ್ರ ಆ ಮಿತಿಯೊಳಗೇ ಇರಬೇಕು. ಮಾವನವರು ಊಟ ಮುಗಿಸಿ ಕೈ ತೊಳೆದು ಬಂದ ಮೇಲೆ ಐದು ನಿಮಿಷ ಮತ್ತೆ ಕುಳಿತುಕೊಳ್ಳಲಿ, ಆಮೇಲೆ ಮೇಜಿಗೆ ಕೈಯೂರಿ ನಿಧಾನವಾಗಿ ಎದ್ದು, ಎರಡು ಉಸಿರು ನಿಂತು, ಬಳಿಕ ಹೆಜ್ಜೆ ಇಡಲಿ. ನಡೆಯುವಾಗ ಮಾತನಾಡಲು ಉಸಿರು ಸಾಕಾಗಬೇಕು. ಅಷ್ಟು ನಿಧಾನವೇ ಸರಿಯಾದ ವೇಗ. ಎದೆಯಲ್ಲಿ ಬಿಗಿತ, ದವಡೆ ಅಥವಾ ಎಡಗೈಗೆ ಹರಿಯುವ ನೋವು, ತಣ್ಣನೆಯ ಬೆವರು ಕಂಡರೆ ಅಲ್ಲೇ ಕೂರಿಸಿ. ಅದನ್ನು ಗ್ಯಾಸ್ ಎಂದು ತಳ್ಳಿಹಾಕಿ ಸೋಡಾ ಕುಡಿಸುತ್ತ ಹೊತ್ತು ಕಳೆಯಬೇಡಿ, ಕೂಡಲೇ 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಎಷ್ಟೋ ಸಲ ನೋವೇ ಇಲ್ಲದೆ, ಬರೀ ಸುಸ್ತು ಮತ್ತು ಬೆವರಿನ ರೂಪದಲ್ಲಿ ಬರುತ್ತದೆ. ಈ ಮಾತನ್ನು ಮನೆಯವರೆಲ್ಲರೂ ತಿಳಿದಿರಬೇಕೆಂದು ಒತ್ತಿ ಹೇಳುತ್ತೇನೆ.

ನಿಮ್ಮ ಯಜಮಾನರ ನಿದ್ದೆಯ ಆಸೆಯೂ ಸಹಜವಾದದ್ದೇ. ಮಧ್ಯಾಹ್ನ ಒಂದರಿಂದ ಮೂರರ ನಡುವೆ ಬರುವ ತೂಕಡಿಕೆಗೆ ಊಟವೊಂದೇ ಕಾರಣವಲ್ಲ. ದೇಹದ ಒಳಗಡಿಯಾರವೇ ಆ ಹೊತ್ತಿನಲ್ಲಿ ಎಚ್ಚರವನ್ನು ಸ್ವಲ್ಪ ಇಳಿಸುತ್ತದೆ. ಆದರೆ ತುಂಬಿದ ಹೊಟ್ಟೆಯಲ್ಲಿ ಹುಲ್ಲಿನ ಮೇಲೆ ಅಂಗಾತ ಮಲಗಿದರೆ ಜಠರದ ಆಮ್ಲ ಅನ್ನನಾಳಕ್ಕೆ ಏರಿ ಎದೆ ಉರಿಯುತ್ತದೆ, ಹುಳಿ ತೇಗು ಬರುತ್ತದೆ. ಮಲಗುವುದಾದರೆ ಊಟವಾಗಿ ಎರಡು-ಮೂರು ತಾಸು ಕಳೆದಿರಬೇಕು. ಅಷ್ಟು ತಡೆಯಲಾಗದಿದ್ದರೆ ಮರಕ್ಕೋ ಬೆಂಚಿಗೋ ಬೆನ್ನು ಒರಗಿಸಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಲಿ. ಅಡ್ಡಾಗಲೇಬೇಕೆಂದರೆ ಎಡ ಮಗ್ಗುಲಿಗೆ ಮಲಗಲಿ. ಆ ಭಂಗಿಯಲ್ಲಿ ಜಠರವು ಅನ್ನನಾಳದ ಬಾಯಿಗಿಂತ ಕೆಳಗೆ ಉಳಿಯುವುದರಿಂದ ಆಮ್ಲ ಮೇಲೇರುವುದು ಕಡಿಮೆ.

ಇನ್ನು ಬಿಸಿಲು. ದೀಪಾವಳಿಯ ಹೊತ್ತಿಗೆ ಕಲಬುರಗಿಯ ಹಗಲಿನ ಗರಿಷ್ಠ ಉಷ್ಣಾಂಶ 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬೇಸಿಗೆಯ 40 ಡಿಗ್ರಿಯ ಮುಂದೆ ಇದು ಏನೂ ಅಲ್ಲ ಎನ್ನಿಸಿದರೂ, ಮೋಡವಿಲ್ಲದ ನೇರ ಬಿಸಿಲಿನಲ್ಲಿ ಹಿರಿಯರಿಗೆ ಅದೇ ಸಾಕಷ್ಟಾಗುತ್ತದೆ. ಸೂರ್ಯ ನೆತ್ತಿಯ ಮೇಲೆ ಬರುವುದು ಹನ್ನೆರಡರ ಸುಮಾರಿಗಾದರೂ ಗಾಳಿ ಅತಿ ಹೆಚ್ಚು ಕಾದಿರುವುದು ಎರಡೂವರೆಯಿಂದ ಮೂರೂವರೆಯ ನಡುವೆ, ಏಕೆಂದರೆ ನೆಲ ಕಾಯ್ದು ಆ ಕಾವನ್ನು ಗಾಳಿಗೆ ಕೊಡಲು ಹೊತ್ತು ಹಿಡಿಯುತ್ತದೆ. ಬಿ.ಪಿ.ಯ ಕೆಲವು ಮಾತ್ರೆಗಳು, ಮುಖ್ಯವಾಗಿ ಮೂತ್ರ ಹೆಚ್ಚಿಸುವ ಬಗೆಯವು, ದೇಹದ ನೀರು ಮತ್ತು ಉಪ್ಪನ್ನು ಮೊದಲೇ ಕಡಿಮೆ ಮಾಡಿರುತ್ತವೆ. ವಯಸ್ಸಾದಂತೆ ಬಾಯಾರಿಕೆಯ ಸೂಚನೆಯೂ ಮಂಕಾಗುತ್ತದೆ. ಆದ್ದರಿಂದ ಮಾವನವರು ಕೇಳಲಿ ಬಿಡಲಿ, ಅರ್ಧ ತಾಸಿಗೊಮ್ಮೆ ಒಂದಿಷ್ಟು ನೀರು ಅವರ ಕೈಗೆ ಕೊಡುವ ಕೆಲಸವನ್ನು ನಿಮ್ಮ ಒಂಬತ್ತು ವರ್ಷದ ಮಗುವಿಗೆ ಒಪ್ಪಿಸಿ. ಅಜ್ಜನಿಗೆ ಮಗನ ಮಾತಿಗಿಂತ ಮೊಮ್ಮಗುವಿನ ಮಾತು ಬೇಗ ನಾಟುತ್ತದೆ.

ಪಬ್ಲಿಕ್ ಗಾರ್ಡನ್ನಿನಲ್ಲಿ ಕೂರುವ ಜಾಗವನ್ನು ಆರಿಸುವಾಗ ನೋಡಬೇಕಾದದ್ದು ಮರದ ನೆರಳನ್ನು, ತಗಡಿನ ಅಥವಾ ಕಾಂಕ್ರೀಟಿನ ಚಾವಣಿಯನ್ನಲ್ಲ. ಮರ ಬಿಸಿಲನ್ನು ತಡೆಯುವುದರ ಜೊತೆಗೆ ಎಲೆಗಳಿಂದ ನೀರನ್ನು ಆವಿಯಾಗಿಸಿ ಸುತ್ತಲ ಕಾವನ್ನು ಹೀರುತ್ತದೆ. ತಗಡು ತಾನೇ ಕಾಯ್ದು ಕೆಳಗೆ ಕೂತವರ ತಲೆಯ ಮೇಲೆ ಶಾಖ ಬೀರುತ್ತದೆ. ಬೇವಿನ ಮರ ಫೆಬ್ರುವರಿ-ಮಾರ್ಚಿನಲ್ಲಿ ಎಲೆ ಉದುರಿಸಿ ಯುಗಾದಿಯ ಹೊತ್ತಿಗೆ ಮತ್ತೆ ಚಿಗುರುತ್ತದೆ. ಈಗ, ಮಳೆಗಾಲ ಮುಗಿದ ಮೇಲೆ, ಅದರ ನೆರಳು ದಟ್ಟವಾಗಿರುತ್ತದೆ. ಕಲ್ಲಿನ ಬೆಂಚುಗಳ ಬಗ್ಗೆ ಎಚ್ಚರವಿರಲಿ. ನಮ್ಮ ಜಿಲ್ಲೆಯ ಶಹಾಬಾದ ಪರಸಿಯನ್ನು ನಾವು ನೆಲಕ್ಕೂ ಕಟ್ಟೆಗೂ ಧಾರಾಳವಾಗಿ ಬಳಸುತ್ತೇವೆ. ಮನೆಯೊಳಗೆ ತಂಪಾಗಿರುವ ಇದೇ ಕಲ್ಲು ಬಯಲಿನಲ್ಲಿ ಮಧ್ಯಾಹ್ನವಿಡೀ ಕಾಯ್ದರೆ ನೆರಳು ಅದರ ಮೇಲೆ ಸರಿದು ಬಂದ ಮೇಲೂ ಬಹಳ ಹೊತ್ತು ಕಾವನ್ನು ಬಿಡುವುದಿಲ್ಲ. ಕೂರುವ ಮೊದಲು ಅಂಗೈಯ ಹಿಂಬದಿಯನ್ನು ಕಲ್ಲಿನ ಮೇಲೆ ಐದು ಸೆಕೆಂಡು ಇಟ್ಟು ನೋಡಿ. ಮಕ್ಕಳ ಜಾರುಬಂಡೆಗೂ ಇದೇ ಪರೀಕ್ಷೆ ಮಾಡಿ. ಲೋಹದ್ದಾದರೆ ಮೂರು ಗಂಟೆಯ ಹೊತ್ತಿಗೆ ಎಳೆಯ ಚರ್ಮವನ್ನು ಸುಡುವಷ್ಟು ಬಿಸಿಯಾಗಿರಬಹುದು.

ಊಟದ ಹೊತ್ತಿನ ಬಗ್ಗೆ ನಾನು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕು, ಏಕೆಂದರೆ ರಜೆಯ ದಿನ ಹಿರಿಯರಿಗೆ ತೊಂದರೆಯಾಗುವುದು ತಿಂದದ್ದರಿಂದ ಎಷ್ಟೋ ಅಷ್ಟೇ ತಿನ್ನಲು ತಡವಾದದ್ದರಿಂದ. ಮಾವನವರ ಸಕ್ಕರೆ ಮಾತ್ರೆ ಯಾವುದೆಂದು ಈಗಲೇ ಪಟ್ಟಿಯ ಮೇಲೆ ಓದಿ ನೋಡಿ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಇವುಗಳಲ್ಲಿ ಒಂದು ಇದ್ದರೆ, ಅಥವಾ ಅವರು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರೆ, ಔಷಧ ಒಳಗೆ ಹೋದ ಮೇಲೆ ಊಟ ತಡವಾಗುವಂತಿಲ್ಲ. ಈ ಮಾತ್ರೆಗಳು ಹೊಟ್ಟೆಯಲ್ಲಿ ಊಟವಿರಲಿ ಇಲ್ಲದಿರಲಿ ಇನ್ಸುಲಿನ್ ಬಿಡುಗಡೆ ಮಾಡಿಸುತ್ತವೆ. ಬರೀ ಮೆಟ್‌ಫಾರ್ಮಿನ್ ಆದರೆ ಈ ಅಪಾಯ ಬಹಳ ಕಡಿಮೆ. ರಜೆಯ ದಿನ ಒಂದೂವರೆಯಿಂದ ಎರಡೂವರೆಯವರೆಗೆ ಸೂಪರ್ ಮಾರ್ಕೆಟ್ ಸುತ್ತಲಿನ ಖಾನಾವಳಿಗಳಲ್ಲಿ ಜನ ಬಾಗಿಲಲ್ಲಿ ಕಾಯ್ದು ನಿಂತಿರುತ್ತಾರೆ. ಮನೆಯಿಂದ ಹೊರಡುವಾಗಲೇ ಮಾತ್ರೆ ನುಂಗಿಸಿ, ಅಲ್ಲಿ ಮುಕ್ಕಾಲು ತಾಸು ಕಾಯಿಸಿದರೆ ಕೈ ನಡುಕ, ಬೆವರು, ವಿಪರೀತ ಹಸಿವು, ಸಿಡುಕು, ಮಾತು ತೊದಲುವುದು ಶುರುವಾಗಬಹುದು. ಹನ್ನೆರಡೂವರೆಗೆ ಅಲ್ಲಿರಿ, ಊಟಕ್ಕೆ ಮುಂಚಿನ ಮಾತ್ರೆಯನ್ನು ತಟ್ಟೆ ಮುಂದೆ ಬಂದ ಮೇಲೆಯೇ ಕೊಡಿ. ಚೀಲದಲ್ಲಿ ಸಕ್ಕರೆಯ ಚಿಕ್ಕ ಪೊಟ್ಟಣವೊಂದು ಇರಲೇಬೇಕು. ಮೇಲಿನ ಲಕ್ಷಣಗಳು ಕಂಡರೆ ಮೂರು ಟೀ ಚಮಚ, ಅಂದರೆ ಸುಮಾರು 15 ಗ್ರಾಂ, ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಕಾಯ್ದು ನೋಡಿ, ಸುಧಾರಿಸದಿದ್ದರೆ ಮತ್ತೊಮ್ಮೆ ಅಷ್ಟೇ ಕೊಟ್ಟು, ಬಳಿಕ ಊಟ ಮಾಡಿಸಿ. ಆ ಹೊತ್ತಿನಲ್ಲಿ ಪೇಢಾ, ಹೋಳಿಗೆ, ಚಾಕೊಲೇಟ್ ಕೊಡುವುದು ರೂಢಿ. ಅವುಗಳಲ್ಲಿರುವ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುವುದರಿಂದ ತುರ್ತಿಗೆ ಅವು ಒದಗುವುದಿಲ್ಲ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ.

ಈಗ ತಟ್ಟೆಗೆ ಬರೋಣ. ನಮ್ಮ ಭಾಗದ ಖಾನಾವಳಿಯ ಊಟ ಸಕ್ಕರೆ ಕಾಯಿಲೆಯವರಿಗೆ ಒಗ್ಗುವಂಥದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಆದರೆ ಅದಕ್ಕೆ ಕಾರಣ ಜೋಳದ ರೊಟ್ಟಿಯೊಂದೇ ಅಲ್ಲ. ಜೋಳದ ರೊಟ್ಟಿ ಎಷ್ಟು ತಿಂದರೂ ಶುಗರ್ ಏರುವುದಿಲ್ಲ ಎಂದು ನಂಬಿದವರು ಬಹಳ ಮಂದಿ. ಒಂದು ರೊಟ್ಟಿಗೆ 40 ಗ್ರಾಂ ಹಿಟ್ಟು ಹಿಡಿದರೆ ಅದರಲ್ಲಿ ಸುಮಾರು 27 ಗ್ರಾಂ ಪಿಷ್ಟ ಇದ್ದೇ ಇರುತ್ತದೆ. ನಾಲ್ಕು ರೊಟ್ಟಿ ಎಂದರೆ ನೂರು ಗ್ರಾಂ ದಾಟಿತು. ಬಿಳಿ ಅನ್ನಕ್ಕಿಂತ ಜೋಳದಲ್ಲಿ ನಾರು ಹೆಚ್ಚು, ಅಗಿದು ತಿನ್ನಬೇಕಾದ್ದರಿಂದ ಹೊಟ್ಟೆ ಬೇಗ ತುಂಬಿದಂತಾಗುತ್ತದೆ. ಆದರೆ ನಿಜವಾದ ಬಲವಿರುವುದು ರೊಟ್ಟಿಯ ಸುತ್ತ ಬರುವ ಪದಾರ್ಥಗಳಲ್ಲಿ: ಹಸಿ ಮೆಂತ್ಯದ ಸೊಪ್ಪು, ಸೌತೆಕಾಯಿ, ಮೂಲಂಗಿ, ಉಳ್ಳಾಗಡ್ಡಿ, ಮಡಕಿಕಾಳು ಅಥವಾ ಹೆಸರುಕಾಳಿನ ಪಲ್ಯ, ಬೇಳೆ ಹಾಕಿದ ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ), ಗಟ್ಟಿ ಮೊಸರು. ಇವುಗಳ ನಾರು, ಪ್ರೋಟೀನು ಮತ್ತು ಕೊಬ್ಬು ಜಠರ ಖಾಲಿಯಾಗುವುದನ್ನು ನಿಧಾನಗೊಳಿಸಿ ಸಕ್ಕರೆಯ ಏರಿಕೆಯನ್ನು ತಗ್ಗಿಸುತ್ತವೆ.

ತಿನ್ನುವ ಕ್ರಮವೂ ಪರಿಣಾಮ ಬೀರುತ್ತದೆ. ಅದೇ ಪದಾರ್ಥಗಳನ್ನು ಅಷ್ಟೇ ಪ್ರಮಾಣದಲ್ಲಿ ತಿಂದರೂ ತರಕಾರಿ ಮತ್ತು ಕಾಳುಗಳನ್ನು ಮೊದಲು, ರೊಟ್ಟಿ-ಅನ್ನವನ್ನು ನಂತರ ತಿಂದರೆ ಸಕ್ಕರೆ ಕಡಿಮೆ ಏರುತ್ತದೆ. ಖಾನಾವಳಿಯಲ್ಲಿ ಇದನ್ನು ಪಾಲಿಸುವುದು ಸುಲಭ. ತಟ್ಟೆಯ ಅಂಚಿಗೆ ಮೆಂತ್ಯದ ಸೊಪ್ಪು, ಸೌತೆಕಾಯಿಯ ಹೋಳುಗಳು ಬಂದೊಡನೆ ಅವನ್ನು ಒಂದಿಷ್ಟು ಶೇಂಗಾ ಹಿಂಡಿ ಮತ್ತು ಮೊಸರಿನಲ್ಲಿ ಅದ್ದಿಕೊಂಡು ಮೊದಲೇ ತಿಂದು ಮುಗಿಸಲಿ. ಕಾಳು ಪಲ್ಯ ಬಟ್ಟಲು ಅರ್ಧವಾಗುವವರೆಗೆ ರೊಟ್ಟಿ ಕೈಗೆ ಬೇಡ. ಬಡಿಸುವವರಿಗೆ ಮೊದಲೇ ಹೇಳಿ, ರೊಟ್ಟಿಯನ್ನು ಒಂದೊಂದಾಗಿ ಬಿಸಿ ಬಿಸಿಯಾಗಿ ತರಿಸಿಕೊಳ್ಳಿ. ಎರಡು ರೊಟ್ಟಿ ಸಾಕು. ಅನ್ನ-ಸಾರು ಬೇಕೆಂದರೆ ಒಂದು ರೊಟ್ಟಿ ಕಡಿಮೆ ಮಾಡಿ ನಾಲ್ಕು ತುತ್ತು ಅನ್ನ. ಹಿಂಡಿ, ಉಪ್ಪಿನಕಾಯಿ, ಹಪ್ಪಳ ಮೂರೂ ಉಪ್ಪಿನ ಖನಿಗಳು. ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪು ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಆದ್ದರಿಂದ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಲಿ, ಅದು ಹಿಂಡಿಯಾಗಿರಲಿ, ಏಕೆಂದರೆ ಅದರಲ್ಲಿ ಉಪ್ಪಿನ ಜೊತೆ ಶೇಂಗಾದ ಸತ್ವವಾದರೂ ಇದೆ. ಮನೆಯವರು ತಹರಿ ಅಥವಾ ಬಿರಿಯಾನಿಯ ಕಡೆ ಒಲಿದರೆ ಬೇಡವೆನ್ನುವ ಕಾರಣವಿಲ್ಲ. ಆದರೆ ಅಲ್ಲಿ ಅನ್ನವೇ ಮುಖ್ಯವಾದುದರಿಂದ ಮಾವನವರ ತಟ್ಟೆಯಲ್ಲಿ ಅನ್ನ ಅರ್ಧ, ಉಳಿದರ್ಧ ಮಾಂಸದ ತುಂಡು ಅಥವಾ ತರಕಾರಿ ಮತ್ತು ಉಳ್ಳಾಗಡ್ಡಿ-ಮೊಸರು ಇರುವಂತೆ ಬಡಿಸಿಕೊಳ್ಳಿ.

ಸಿಹಿಯ ಮಾತು ಬಂದೇ ಬರುತ್ತದೆ. ದೀಪಾವಳಿಯ ರಜೆ, ಮೊಮ್ಮಕ್ಕಳು ಪಕ್ಕದಲ್ಲಿ, ಮುಂದೆ ಶೇಂಗಾ ಹೋಳಿಗೆ. ಈ ಹೊತ್ತಿನಲ್ಲಿ ಹತ್ತು ಜನರ ಎದುರು "ನಿಮಗೆ ಶುಗರ್ ಐತಿ, ಬೇಡ" ಎಂದು ತಟ್ಟೆಯಿಂದ ಎತ್ತಿಬಿಡುವ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ, ಮತ್ತು ಅದು ನನಗೆ ಬೇಸರ ತರುತ್ತದೆ. ಜೀವನವಿಡೀ ಹೊಲದಲ್ಲಿ ದುಡಿದು ಮನೆ ನಡೆಸಿದ ಮನುಷ್ಯನಿಗೆ ಅದು ಅವಮಾನ. ಹಾಗೆ ತಡೆಸಿಕೊಂಡವರು ಮರುದಿನ ಯಾರಿಗೂ ಕಾಣದಂತೆ ಎರಡು ತಿನ್ನುತ್ತಾರೆ. ಹಿಂದಿನ ರಾತ್ರಿಯೇ ಅವರೊಡನೆ ಕುಳಿತು ಮಾತನಾಡಿ ನಿರ್ಧರಿಸಿ: ಸಿಹಿ ತಿನ್ನುವ ದಿನ ಅನ್ನವಿಲ್ಲ, ಒಂದು ರೊಟ್ಟಿ ಕಡಿಮೆ, ಮತ್ತು ಅರ್ಧ ಹೋಳಿಗೆ ಊಟದ ಕೊನೆಗೆ. ಖಾಲಿ ಹೊಟ್ಟೆಗೆ ಮೊದಲ ತುತ್ತಾಗಿ ಹೋದ ಸಿಹಿಗಿಂತ ತುಂಬಿದ ಹೊಟ್ಟೆಯ ಮೇಲೆ ಹೋದದ್ದು ಸಕ್ಕರೆಯನ್ನು ನಿಧಾನವಾಗಿ ಏರಿಸುತ್ತದೆ, ಮತ್ತು ಅದರ ಬೆನ್ನಿಗೇ ಆ ಹದಿನೈದು ನಿಮಿಷದ ನಡಿಗೆ ಇರುತ್ತದೆ. ಅವರ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ ಬಹಳ ಏರಿರುವುದನ್ನು ತೋರಿಸಿದ್ದರೆ ಮಾತ್ರ ಈ ರಿಯಾಯಿತಿಯನ್ನೂ ಅವರ ವೈದ್ಯರನ್ನು ಕೇಳಿಯೇ ಕೊಡಿ.

ಪಾದದ ಮಾತು ಹೇಳದಿದ್ದರೆ ಈ ಉತ್ತರ ಅಪೂರ್ಣ. ಶರಣಬಸವೇಶ್ವರರ ಗುಡಿ ಮತ್ತು ಅಪ್ಪನ ಕೆರೆ ಇರುವುದು ಊರ ನಡುವೆಯೇ. ಊರಿಗೆ ಬಂದ ಹಿರಿಯರು ದರ್ಶನ ಮಾಡದೆ ಹೋಗುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಚಪ್ಪಲಿ ಬಿಟ್ಟು ಬಿಸಿಲಿಗೆ ಕಾಯ್ದ ಕಲ್ಲಿನ ಮೇಲೆ ನಡೆದಾಗ ನಿಮಗೂ ನನಗೂ ಅಂಗಾಲು ಚುರ್ರೆಂದು ನಾವು ಓಡುತ್ತೇವೆ. ಹತ್ತಾರು ವರ್ಷ ಸಕ್ಕರೆ ಕಾಯಿಲೆ ಇದ್ದ ಅನೇಕರಲ್ಲಿ ಪಾದದ ನರಗಳು ಸಂವೇದನೆ ಕಳೆದುಕೊಂಡಿರುತ್ತವೆ. ಅವರು ನಿಧಾನವಾಗಿಯೇ ನಡೆಯುತ್ತಾರೆ, ಸುಟ್ಟದ್ದು ತಿಳಿಯುವುದಿಲ್ಲ, ಮಾರನೆಯ ದಿನ ಬೊಬ್ಬೆ ಎದ್ದಿರುತ್ತದೆ. ಆ ಬೊಬ್ಬೆ ಒಡೆದು ಹುಣ್ಣಾಗಿ, ತಿಂಗಳುಗಟ್ಟಲೆ ಮಾಯದೆ, ಕೊನೆಗೆ ಬೆರಳನ್ನೇ ತೆಗೆಯಬೇಕಾಗಿ ಬರುವುದು ನಮ್ಮ ಆಸ್ಪತ್ರೆಗಳಲ್ಲಿ ಅಪರೂಪವಲ್ಲ. ದರ್ಶನವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಮಧ್ಯಾಹ್ನವೇ ಆಗಬೇಕಾದರೆ ದಪ್ಪನೆಯ ಹತ್ತಿಯ ಕಾಲುಚೀಲ ಹಾಕಿಸಿ, ಹಾಸುಗಂಬಳಿ ಅಥವಾ ನೆರಳು ಇರುವ ಕಡೆಯೇ ನಡೆಸಿ. ಗಾರ್ಡನ್ನಿನಲ್ಲಿ ಹಸಿರು ಹುಲ್ಲು ಕಂಡು ಬರಿಗಾಲಲ್ಲಿ ನಡೆಯಬೇಕೆನ್ನಿಸುವುದು ಸಹಜ, ಆದರೆ ಹುಲ್ಲಿನೊಳಗಿನ ನೆಗ್ಗಿನ ಮುಳ್ಳು, ಗಾಜಿನ ಚೂರು ಅವರಿಗೆ ಗೊತ್ತಾಗುವುದಿಲ್ಲ. ಹಿಂಬದಿಗೆ ಪಟ್ಟಿ ಇರುವ, ಬೆರಳು ಮುಚ್ಚುವ ಚಪ್ಪಲಿಯೇ ಸರಿ. ಹೊಸದನ್ನು ಅಂದೇ ಮೊದಲ ಬಾರಿಗೆ ಹಾಕಿಸಬೇಡಿ.

ಅತ್ತೆಯವರ ಮೊಣಕಾಲಿಗೆ ದೂರಕ್ಕಿಂತ ಎತ್ತರ-ತಗ್ಗು ಹೆಚ್ಚು ನೋವು ಕೊಡುತ್ತದೆ, ಅದರಲ್ಲಿಯೂ ಮೆಟ್ಟಿಲು ಇಳಿಯುವಾಗ. ಸಮತಟ್ಟಾದ ದಾರಿಯಲ್ಲಿ ಐದೈದು ನಿಮಿಷ ನಡೆದು ಕೂತರೆ ಅವರಿಗೂ ಹಿತ. ನೋವಿದೆ ಎಂದು ಪೂರ್ತಿ ಕೂತುಬಿಟ್ಟರೆ ಕೀಲು ಇನ್ನಷ್ಟು ಬಿಗಿಯುತ್ತದೆ. ಹುಲ್ಲಿನ ಮೇಲೆ ಚಕ್ಕಳ ಮಕ್ಕಳ ಹಾಕಿಸಬೇಡಿ. ಮೊಣಕಾಲಿನಷ್ಟು ಎತ್ತರದ, ಬೆನ್ನಿಗೆ ಆಸರೆಯಿರುವ ಬೆಂಚು ಹುಡುಕಿ. ಕೋಲು ಹಿಡಿಯುವುದಾದರೆ ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಬಹುತೇಕರು ನೋವಿನ ಬದಿಯಲ್ಲೇ ಹಿಡಿಯುತ್ತಾರೆ, ಅದರಿಂದ ಕೀಲಿನ ಮೇಲಿನ ಭಾರ ಇಳಿಯುವುದಿಲ್ಲ.

ಮಕ್ಕಳ ವಿಷಯದಲ್ಲಿ ಎರಡೇ ಮಾತು. ನಾಲ್ಕು ವರ್ಷದ ಮಗುವಿಗೆ ಇಡೀ ಶೇಂಗಾ, ಪುಟಾಣಿ ಕೊಡಬೇಡಿ, ಓಡುತ್ತ ಚುರುಮುರಿ ತಿನ್ನಲು ಬಿಡಬೇಡಿ. ಉಸಿರುನಾಳಕ್ಕೆ ಸಿಕ್ಕಿಕೊಳ್ಳುವುದು ಇಂಥವೇ. ಮತ್ತು ಸಂಜೆ ಸೂರ್ಯ ಮುಳುಗುವ ಮೊದಲಿನ ಒಂದೆರಡು ತಾಸು ಡೆಂಗಿಯ ಸೊಳ್ಳೆ ಚುರುಕಾಗಿ ಕಚ್ಚುವ ಹೊತ್ತು, ಮಳೆಗಾಲದ ನೀರು ಅಲ್ಲಲ್ಲಿ ನಿಂತಿರುವ ಕಾಲವೂ ಇದೇ. ಆದ್ದರಿಂದ ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಪೈಜಾಮ ಹಾಕಿಸಿ. ತಿನಿಸಿಗೆ ಹಟ ಮಾಡಿದರೆ ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಶರಬತ್ತುಗಳಿಗಿಂತ ಕಣ್ಣೆದುರಿಗೇ ಎಣ್ಣೆಯಿಂದ ಎತ್ತಿದ ಬಿಸಿ ಭಜಿ ಸುರಕ್ಷಿತ, ಪಕ್ಕದ ತೆಳು ಚಟ್ನಿ ಬೇಡ.

ನಾಲ್ಕೂವರೆಯ ಹೊತ್ತಿಗೆ ಬಿಸಿಲು ಓರೆಯಾಗುತ್ತದೆ. ಈ ಕಾಲದಲ್ಲಿ ಆರಕ್ಕೆ ಹತ್ತು ನಿಮಿಷವಿರುವಾಗ ಸೂರ್ಯ ಮುಳುಗುವುದರಿಂದ ನಿಮಗೆ ಒಂದೂಕಾಲು ತಾಸು ಸಿಗುತ್ತದೆ. ಎರಡನೆಯ ನಡಿಗೆ ಇಲ್ಲಿ. ಇದಕ್ಕೆ ಲೆಕ್ಕ, ವೇಗ ಬೇಡ. ಮೊಮ್ಮಕ್ಕಳಿಗೆ ಇದು ಯಾವ ಗಿಡ, ಇದರ ತೊಗಟೆ ಯಾವುದಕ್ಕೆ ಬರುತ್ತದೆ ಎಂದು ಹೇಳುತ್ತ ಅಜ್ಜ ನಡೆದರೆ, ಅಷ್ಟು ದೂರ ನಡೆದದ್ದೇ ಅವರ ಅರಿವಿಗೆ ಬರುವುದಿಲ್ಲ. ಹಳ್ಳಿಯಿಂದ ಬಂದವರಿಗೆ ನಗರದಲ್ಲಿ ತಮಗೆ ತಿಳಿದ ಜಗತ್ತು ಸಿಗುವ ಜಾಗ ಉದ್ಯಾನವೊಂದೇ. ನಡಿಗೆಗೆ ಮೊದಲು ಸಕ್ಕರೆ ಇಲ್ಲದ ಅರ್ಧ ಕಪ್ ಚಹಾ ಆಗಬಹುದು. ಊಟದ ಜೊತೆಗೇ ಚಹಾ ಕುಡಿದರೆ ಸೊಪ್ಪು-ಕಾಳಿನ ಕಬ್ಬಿಣಾಂಶ ದೇಹಕ್ಕೆ ಸೇರುವುದು ಕಡಿಮೆಯಾಗುತ್ತದೆ, ಆದ್ದರಿಂದ ಊಟವಾದ ಒಂದು ತಾಸಿನ ನಂತರವೇ ಒಳ್ಳೆಯದು. ಇನ್ನೊಂದು ಸಂಗತಿಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ: ಶೌಚಾಲಯ. ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಮಾತ್ರೆ ಎರಡೂ ಇರುವವರು ಮೇಲಿಂದ ಮೇಲೆ ಹೋಗಬೇಕಾಗುತ್ತದೆ. ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ನಾಚಿಕೊಂಡು ನೀರು ಕುಡಿಯುವುದನ್ನೇ ಬಿಡುತ್ತಾರೆ. ಖಾನಾವಳಿ ಆರಿಸುವಾಗ ಇದನ್ನು ನೋಡಿಕೊಳ್ಳಿ, ಗಾರ್ಡನ್ನಿಗೆ ಕಾಲಿಟ್ಟ ಕೂಡಲೇ ಜಾಗವನ್ನು ತೋರಿಸಿಬಿಡಿ.

ಇದೇ ಕಾರ್ಯಕ್ರಮವನ್ನು ಏಪ್ರಿಲ್-ಮೇ ತಿಂಗಳಲ್ಲಿ ಮಾಡುವುದಾದರೆ ನನ್ನ ಉತ್ತರ ಬೇರೆ. ಆಗ ಮಧ್ಯಾಹ್ನದ ನಡಿಗೆಯನ್ನು ಮನೆಯೊಳಗೇ ಮುಗಿಸಿ, ಗಾರ್ಡನ್ನಿಗೆ ಐದೂವರೆಯ ನಂತರ ಹೋಗಿ, ಹೊರಗಿನ ಊಟವನ್ನು ರಾತ್ರಿಗೆ ಇಟ್ಟುಕೊಳ್ಳಿ. ಮೇ ನಡುವಿನಲ್ಲಿ ಸೂರ್ಯ ಮುಳುಗುವಾಗ ಆರೂಮುಕ್ಕಾಲು ದಾಟಿರುತ್ತದೆ. ಇಡೀ ದಿನದ ಬಿಡುವಿದ್ದರೆ ಬೀದರಿಗೆ ಹೋಗಬಹುದು. ಅದು ಕಲಬುರಗಿಗಿಂತ ಸುಮಾರು 200 ಮೀಟರು ಎತ್ತರದಲ್ಲಿರುವುದರಿಂದ ಗಾಳಿ ಒಂದು ಡಿಗ್ರಿಗಿಂತ ತುಸು ಹೆಚ್ಚೇ ತಂಪು, ಮತ್ತು 2017ರಿಂದ ನೇರ ರೈಲು ಮಾರ್ಗವೂ ಇದೆ. ಅಲ್ಲಿನ ಬರೀದ್‌ಶಾಹಿ ಉದ್ಯಾನದಲ್ಲಿರುವ ಅಲಿ ಬರೀದನ ಸಮಾಧಿ ನಾಲ್ಕೂ ಕಡೆ ತೆರೆದ ಎತ್ತರದ ಕಮಾನುಗಳ ಕಟ್ಟಡ, ಗಾಳಿ ಆರ್‌ಪಾರ್ ಬೀಸುತ್ತದೆ. ಆದರೆ ಬೇಸಿಗೆಯ ಮಧ್ಯಾಹ್ನಕ್ಕೆ ಅದೂ ಹಿರಿಯರಿಗೆ ತಕ್ಕುದಲ್ಲ.

ಮನೆಗೆ ಮರಳಿದ ಮೇಲೆ ಮಾವನವರ ಎರಡೂ ಪಾದಗಳನ್ನು, ಬೆರಳ ಸಂದುಗಳನ್ನೂ ಸೇರಿಸಿ, ಬೆಳಕಿನಲ್ಲಿ ಒಮ್ಮೆ ನೋಡಿ. ಮಧ್ಯಾಹ್ನ ಹೆಚ್ಚಾಯಿತೆಂದು ರಾತ್ರಿ ಊಟ ಬಿಡುವ ಅಭ್ಯಾಸ ನಮ್ಮಲ್ಲಿ ಬಹಳ ಹಿರಿಯರಿಗಿದೆ. ಊಟ ಬಿಟ್ಟು, ರಾತ್ರಿಯ ಸಕ್ಕರೆ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದರೆ ನಿದ್ದೆಯಲ್ಲಿ ಸಕ್ಕರೆ ಇಳಿದು ಅಪಾಯವಾಗುತ್ತದೆ. ಒಂದು ರೊಟ್ಟಿ ಮತ್ತು ಪಲ್ಯವನ್ನೋ, ಒಂದು ಬಟ್ಟಲು ನುಚ್ಚು-ಮಜ್ಜಿಗೆಯನ್ನೋ ಊಟ ಮಾಡಿಸಿಯೇ ಮಾತ್ರೆ ಕೊಡಿ. ಏನೂ ಬೇಡವೆಂದು ಅವರು ಹಟ ಹಿಡಿಯುವ ಸ್ವಭಾವದವರಾದರೆ, ಅಂಥ ರಾತ್ರಿ ಮಾತ್ರೆಯನ್ನು ಏನು ಮಾಡಬೇಕೆಂದು ಅವರ ವೈದ್ಯರಿಂದ ಈ ವಾರವೇ ಕೇಳಿ, ಚೀಟಿಯ ಮೇಲೆ ಬರೆಸಿಟ್ಟುಕೊಳ್ಳಿ. ಹಬ್ಬದ ರಾತ್ರಿ ಹತ್ತು ಗಂಟೆಗೆ ಕರೆ ಮಾಡಿದರೆ ಅವರು ಸಿಗದೇ ಹೋಗಬಹುದು.